ಅತ್ತೆಯ ಶೀಶೆಗಳು, ಅಮ್ಮನ ಮೂಗು

ಕಾಫಿಯ ಪರಿಮಳದ ಬಗ್ಗೆ ನಮ್ಮ ಅತ್ತೆಗೆ ತಿಳಿದಷ್ಟು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ತಿಳಿದಿಲ್ಲ. ಆದರೆ ಅವರು ಕುಡಿಯುವುದು ಚಹಾ!

ಇದನ್ನು ಓದಿ ನಿಮಗೆ ನಗು ಬಂದಿದ್ದರೆ ನೀವು ಬಯಲುಸೀಮೆಯವರೇ ಇರಬೇಕು. ಮಲ್ಲಂದೂರು, ಮೂಡಿಗೆರೆ, ಕಳಸದ ಕಡೆಯವರಾದರೆ ನಗುವುದಿಲ್ಲ. ‘ಮನೆಯವರು ಹೇಗೆ ಸಹಿಸಿಕೊಂಡರಪ್ಪಾ’ ಎಂದು ಕೇಳುತ್ತಾರೆ. ಸಹಿಸಿಕೊಂಡೆವು ಸ್ವಾಮಿ, ಇನ್ನೇನು ಮಾಡುವುದು? ನೆಂಟರು ಬಂದಾಗ ಅತ್ತೆಯ ಚಹಾವನ್ನೂ ಕಾಫಿಯ ಲೋಟದಲ್ಲೇ ಹಾಕಿ, ಬಾಯಿ ಮುಚ್ಚಿಕೊಂಡು ತಟ್ಟೆಯಲ್ಲಿಟ್ಟು ತಂದುಕೊಡುತ್ತೇವೆ. ತೋಟದ ಮನೆಯ ಮಾನ ಅಲ್ಲಿಗೆ ಉಳಿಯುತ್ತದೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅಪ್ಪ ಈಗಿಲ್ಲ. ಅತ್ತೆ ಮದುವೆಯಾಗಲಿಲ್ಲ. ಎಲೆಕ್ಟ್ರಾನುಗಳ ಜೊತೆ ಸಂಸಾರ ಮಾಡುತ್ತಿರುವಾಗ ಅದಕ್ಕೆ ಪುರುಸೊತ್ತೆಲ್ಲಿ? ಅವರದು ಕ್ವಾಂಟಮ್ ರಸಾಯನಶಾಸ್ತ್ರ. ರಸಾಯನಶಾಸ್ತ್ರ ಎಂದ ಕೂಡಲೇ ನೀವು ಗಾಜಿನ ನಳಿಗೆ, ಬಣ್ಣದ ನೀರು, ಬುಸುಬುಸು ಹೊಗೆ ಎಂದು ಕಲ್ಪಿಸಿಕೊಂಡರೆ ಅತ್ತೆ ನೊಂದುಕೊಳ್ಳುತ್ತಾರೆ. ಅವರು ಜೀವಮಾನದಲ್ಲಿ ಒಂದು ನಳಿಗೆಯನ್ನೂ ತೊಳೆದವರಲ್ಲ. ಒಂದು ಅಣುವಿನೊಳಗೆ ಎಲೆಕ್ಟ್ರಾನುಗಳು ಎಲ್ಲೆಲ್ಲಿ ಇರಬಹುದು, ಆ ಅಣು ಹೇಗೆಲ್ಲ ಅಲುಗಾಡಬಹುದು ಎಂದು ಕಂಪ್ಯೂಟರಿನ ಮುಂದೆ ಕೂತು ಸಮೀಕರಣಗಳಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ಹುರಿದ ಕಾಫಿಬೀಜದಿಂದ ಹಾರಿ ಬರುವ ಅಣುಗಳಲ್ಲಿ ಕೆಲವನ್ನು ಅವರು ಹೀಗೆ ವರ್ಷಗಟ್ಟಲೆ ಲೆಕ್ಕ ಹಾಕಿದ್ದಾರೆ.

“ಅಷ್ಟೆಲ್ಲ ಮಾಡಿದ್ದೀಯಲ್ಲ ಮಾರಾಯ್ತಿ, ಅದರ ವಾಸನೆ ಹೇಗಿರುತ್ತೆ?” ಎಂದು ಅಮ್ಮ ಒಮ್ಮೆ ಕೇಳಿದ್ದಳು.

“ಮೂಸಿ ನೋಡೋ ಅಗತ್ಯ ಬೀಳಲಿಲ್ಲ ಅತ್ತಿಗೆ” ಎಂದಿದ್ದರು ಅತ್ತೆ.

ಅಮ್ಮನ ವಿಷಯ ಇದಕ್ಕೆ ಪೂರಾ ತಿರುಗುಮುರುಗು. ಅವಳಿಗೆ ಅಣು ಗೊತ್ತಿಲ್ಲ, ಹುರಿಯುವುದು ಗೊತ್ತು. ನಮ್ಮ ಕಡೆ ಒಂದು ಪದ್ಧತಿ ಇದೆ: ಒಳ್ಳೆಯ ಕಾಫಿಯನ್ನೆಲ್ಲ ಮಾರಿ, ವ್ಯಾಪಾರಿ ಬೇಡ ಎಂದು ಬಿಟ್ಟ ಒಡಕುಬೀಜವನ್ನು ನಾವು ಕುಡಿಯುವುದು. ಎಂಥೆಂಥ ದೊಡ್ಡ ಪ್ಲಾಂಟರುಗಳ ಮನೆಯಲ್ಲೂ ಇದೇ ಕಥೆ! ಅಮ್ಮ ಮಾತ್ರ ಇದನ್ನು ಒಪ್ಪಿದವಳಲ್ಲ. ತೋಟದಲ್ಲಿ ಕೆರೆಯ ಮೇಲಿನ ತುಂಡಿನ ಅರೇಬಿಕಾ ಕಾಫಿಯನ್ನು ಮನೆಗೆಂದೇ ಎತ್ತಿಟ್ಟು, ಸೌದೆ ಒಲೆಯ ಮೇಲೆ ಕೈಯಲ್ಲಿ ತಿರುಗಿಸುವ ಕಬ್ಬಿಣದ ಡಬ್ಬದಲ್ಲಿ ತಾನೇ ಹುರಿಯುತ್ತಿದ್ದಳು. ಡಬ್ಬದೊಳಗಿನ ಬಣ್ಣ ಕಾಣುವುದಿಲ್ಲ. ಬೀಜ ಸಿಡಿಯುವ ಸದ್ದು ಅರ್ಧ ವಿಷಯ ಹೇಳುತ್ತದೆ. ಉಳಿದದ್ದೆಲ್ಲ ಮೂಗಿನ ಕೆಲಸ. ಒಂದು ಉಸಿರು ಮೊದಲೇ ಇಳಿಸಿದರೆ ಹುಳಿ, ಒಂದು ಉಸಿರು ತಡವಾದರೆ ಇದ್ದಿಲು. ವಸ್ತಾರೆಯ ನೆಂಟರು, ಮಲ್ಲಂದೂರಿನ ನೆಂಟರು ಮದುವೆ ಮುಂಜಿ ಬಂತೆಂದರೆ ತಮ್ಮ ತೋಟದ ಬೀಜವನ್ನು ಜೀಪಿನಲ್ಲಿ ಹೇರಿಕೊಂಡು ಅಮ್ಮನ ಹತ್ತಿರ ಹುರಿಸಲು ತರುತ್ತಿದ್ದರು.

ಮನೆಮಂದಿಗೆಲ್ಲ ಆ ಕೆಟ್ಟ ಜ್ವರ ಬಂದು ಹೋಯಿತಲ್ಲ, ನಮಗೆಲ್ಲ ವಾಸಿಯಾದ ಮೇಲೆ ಅಮ್ಮನಿಗೆ ಮಾತ್ರ ವಾಸನೆ ವಾಪಸು ಬರಲಿಲ್ಲ. ಹಾಲು ಸೀದರೂ ತಿಳಿಯದು, ಮಲ್ಲಿಗೆ ಮುಡಿದರೂ ತಿಳಿಯದು. ಚಿಕ್ಕಮಗಳೂರಿನ ಡಾಕ್ಟರು, “ಬಂದ್ರೂ ಬರಬಹುದು ಅಮ್ಮಾ, ಕಾದು ನೋಡೋಣ” ಎಂದರು. ಅಮ್ಮ ಕಾದಳು. ಆಮೇಲೆ ಒಂದು ದಿನ ಹುರಿಯುವ ಡಬ್ಬವನ್ನು ಒರೆಸಿ, ಗೋಣಿಚೀಲದಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿಸಿದಳು. ನೆಂಟರಿಗೆ ಫೋನ್ ಮಾಡಿ, “ನನ್ನಿಂದ ಇನ್ನು ಆಗಲ್ಲ ಕಣ್ರೋ” ಎಂದಳು. ನಮ್ಮ ಮನೆಗೆ ಪೇಟೆಯ ಕಾಫಿಪುಡಿಯ ಪ್ಯಾಕೆಟ್ ಬಂತು! ಅದನ್ನು ತಂದ ನನ್ನ ಹೆಂಡತಿ ಪಾಪ, ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದಳು. ಪುಡಿ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಅಮ್ಮ ಅಡುಗೆಮನೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದಳಲ್ಲ, ಅದು ಕೆಟ್ಟದ್ದಾಗಿತ್ತು.

ಅತ್ತೆ ನಿವೃತ್ತರಾಗಿ ನಮ್ಮಲ್ಲಿಗೆ ಬಂದದ್ದು ಆ ಹೊತ್ತಿನಲ್ಲಿ. ಜೀಪಿನಿಂದ ಇಳಿಯುವ ಮೊದಲೇ ಘೋಷಣೆ: “ನಾನು ಬಂದಿರೋದು ನನ್ನ ಕೆಲಸಕ್ಕೆ. ಅತ್ತಿಗೆಗೆ ಹುಷಾರಿಲ್ಲ ಅಂತ ಬಂದೆ ಅಂದ್ಕೋಬೇಡಿ. ಕೆಲಸ ಮುಗಿದ ತಕ್ಷಣ ಹೋಗ್ತೀನಿ.”

“ಎಂತ ಕೆಲಸ ಅತ್ತೆ?”

“ಮೂಗುಗಳು ಬೇಕು. ಪಟ್ಟಣದ ಹೊಗೆ ಕುಡಿಯದ ಮೂಗುಗಳು.”

ಅವರ ಜೊತೆ ಒಂದು ಸೂಟ್‌ಕೇಸ್ ಬಟ್ಟೆ, ನಾಲ್ಕು ಪೆಟ್ಟಿಗೆ ಪುಟ್ಟ ಪುಟ್ಟ ಗಾಜಿನ ಶೀಶೆ ಬಂದಿದ್ದವು. ಅಂತೂ ಇಳಿವಯಸ್ಸಿನಲ್ಲಿ ಅತ್ತೆ ಗಾಜು ಮುಟ್ಟಿದರು!

ಮೂಗಿಗೂ ಕ್ವಾಂಟಮ್ಮಿಗೂ ಏನು ಸಂಬಂಧ? ನಾನೂ ಇದನ್ನೇ ಕೇಳಿ ಒಂದು ಇಡೀ ಬೆಳಗ್ಗೆ ಕಳೆದುಕೊಂಡೆ. ನಿಮಗೆ ಚಿಕ್ಕದಾಗಿ ಹೇಳುತ್ತೇನೆ. ವಾಸನೆಯ ಅಣುವಿನ ಆಕಾರವು ಬೀಗಕ್ಕೆ ಕೀಲಿಕೈ ಕೂತಂತೆ ಮೂಗಿನಲ್ಲಿ ಹೋಗಿ ಕೂರುತ್ತದೆ, ಅದರಿಂದ ಇದು ಏಲಕ್ಕಿ, ಇದು ಸಗಣಿ ಎಂದು ತಿಳಿಯುತ್ತದೆ ಎನ್ನುವುದು ಬಹುಪಾಲು ವಿಜ್ಞಾನಿಗಳ ಮತ. ಇನ್ನು ಕೆಲವರು ಹೇಳುವುದೇ ಬೇರೆ. ಮೂಗಿನೊಳಗೆ ಒಂದು ಎಲೆಕ್ಟ್ರಾನು ಕಾಯುತ್ತಿರುತ್ತದೆ, ಅದರ ಎದುರಿಗೆ ಗೋಡೆಯಂಥ ಒಂದು ತಡೆ. ಅದನ್ನು ಹಾರುವಷ್ಟು ಶಕ್ತಿ ಅದಕ್ಕಿಲ್ಲ. ಆದರೆ ಎದುರಿಗೆ ಬಂದ ಅಣು ಸರಿಯಾದ ಲಯದಲ್ಲಿ ಅಲುಗಾಡುತ್ತಿದ್ದರೆ ಎಲೆಕ್ಟ್ರಾನು ಗೋಡೆ ಹಾರದೆ, ಗೋಡೆ ಒಡೆಯದೆ ಆಚೆ ಬದಿಗೆ ಹೋಗಿರುತ್ತದೆ. ಹೋಯಿತೆಂದರೆ ವಾಸನೆ ಬಂತು ಎಂದು ಅರ್ಥ. ಅತ್ತೆ ಈ ಎರಡನೆಯ ಪಂಗಡದವರು. ಯಾವ ವಿಷಯದಲ್ಲಿ ಅವರು ಬಹುಮತದ ಕಡೆ ಇದ್ದರು ಹೇಳಿ?

ಇದನ್ನು ಬಾಗಿಲ ಬಳಿ ನಿಂತು ಕೇಳುತ್ತಿದ್ದ, ತೋಟದ ಆಳುಗಳನ್ನು ನೋಡಿಕೊಳ್ಳುವ ನಮ್ಮ ಮೇಸ್ತ್ರಿ, “ಅಷ್ಟೇನಾ ಅಮ್ಮಾವ್ರೆ? ಹಂಗಾದ್ರೆ ಪಕ್ಕದ ಎಸ್ಟೇಟಿನ ದನಗಳೆಲ್ಲ ಎಲೆಕ್ಟ್ರಾನೇ ಬಿಡಿ. ಗೇಟ್ ಹಾಕಿದಂಗೇ ಐತೆ, ಬೇಲಿ ಮುರಿದಿಲ್ಲ, ಬೆಳಿಗ್ಗೆ ನೋಡಿದ್ರೆ ನಮ್ಮ ಬಾಳೆ ತಿಂತಾ ನಿಂತಿರ್ತವೆ!” ಎಂದ.

ನಾನು ನಕ್ಕೆ. ಅತ್ತೆ ನಗಲಿಲ್ಲ. ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿ, “ದನದ ತೂಕಕ್ಕೆ ಆ ಸಂಭವ ಇಲ್ಲವೇ ಇಲ್ಲ ಅನ್ನಬಹುದು. ನೀವು ಪಕ್ಕದ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಮೇಲೆ ಅನುಮಾನ ಪಡೋದು ಒಳ್ಳೇದು” ಎಂದರು.

ನಿಖರತೆಯ ವಿಷಯಕ್ಕೆ ಬಂದರೆ ಅತ್ತೆಗೆ ದಯೆ ದಾಕ್ಷಿಣ್ಯ ಒಂದೂ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಎದ್ದ ಕೂಡಲೇ ನಡೆಯುವ ವ್ಯವಹಾರ ಒಂದೇ: ಮಳೆಮಾಪಕ ನೋಡಿ, ಊರೆಲ್ಲ ಫೋನ್ ಮಾಡಿ, “ನಿಮ್ಮಲ್ಲಿ ಎಷ್ಟು ಸೆಂಟ್?” ಎಂದು ಕೇಳುವುದು. ನೂರು ಸೆಂಟಿಗೆ ಒಂದು ಇಂಚು ಎಂಬ ಈ ಲೆಕ್ಕದಲ್ಲಿ ತಮಗೆ ಬಿದ್ದ ಮಳೆಗೆ ಒಂದಿಷ್ಟು ಒಗ್ಗರಣೆ ಸೇರಿಸಿ ಹೇಳುವುದು ಎಲ್ಲರೂ ಒಪ್ಪಿಕೊಂಡ ಸಜ್ಜನಿಕೆ. ಮೇಲಿನ ತೋಟದ ಹಿರಿಯರೊಬ್ಬರು ವರ್ಷಾನುಗಟ್ಟಲೆ ಎಲ್ಲರಿಗಿಂತ ಹೆಚ್ಚು ಮಳೆ ಪಡೆಯುತ್ತಾ, ಅದನ್ನು ಪೂರ್ವಜನ್ಮದ ಪುಣ್ಯವೆಂದು ಭಾವಿಸಿದ್ದರು. ಅವರ ಫೋನನ್ನು ಒಂದು ದಿನ ಅತ್ತೆ ಎತ್ತಿಕೊಂಡರು.

“ತೊಂಬತ್ತು ಸೆಂಟ್ ಬಿತ್ತಮ್ಮಾ ನಮಗೆ!”

“ನಿಮ್ಮ ಮಾಪಕ ಎಲ್ಲಿಟ್ಟಿದ್ದೀರಿ?”

“ಅಂಗಳದ ತುದೀಲಿ, ಸಿಲ್ವರ್ ಓಕ್ ಮರದ ಕೆಳಗೆ. ನಮ್ಮ ತಂದೆ ಇಟ್ಟಿದ್ದು.”

“ಹಾಗಾದ್ರೆ ನೀವು ಇಷ್ಟು ವರ್ಷ ಅಳೆದದ್ದು ಮಳೆಯಲ್ಲ, ಮರದಿಂದ ತೊಟ್ಟಿಕ್ಕಿದ ನೀರು. ಎಲ್ಲಾ ಅಂಕಿ ಹೊಡೆದುಹಾಕಿ. ಬಯಲಿಗೆ ಇಟ್ಟು ಹೊಸದಾಗಿ ಶುರು ಮಾಡಿ.”

ಆ ಹೂಮಳೆಯ ಕಾಲ ಮುಗಿಯುವವರೆಗೂ ಅವರು ನಮಗೆ ಫೋನ್ ಮಾಡಲಿಲ್ಲ. “ಅಷ್ಟು ಖಡಕ್ಕಾಗಿ ಹೇಳ್ಬೇಕಿತ್ತಾ ಮಾರಾಯ್ತಿ? ವಯಸ್ಸಾದವರು” ಎಂದಳು ಅಮ್ಮ. “ಸುಳ್ಳು ಅಂಕಿಗೆ ವಯಸ್ಸಿನ ರಿಯಾಯಿತಿ ಇಲ್ಲ ಅತ್ತಿಗೆ” ಎಂದರು ಅತ್ತೆ. ತಮ್ಮ ಕೈಕೆಳಗಿನ ಸಂಶೋಧಕನೊಬ್ಬ ಬೇಕಾದ ಉತ್ತರ ಬರಲೆಂದು ಒಂದೇ ಒಂದು ಅಂಕಿಯನ್ನು ಚೂರು ಸರಿಸಿದ್ದಕ್ಕೆ, ಅವನ ಪ್ರಬಂಧವನ್ನು ಪೂರ್ತಿ ಮತ್ತೆ ಬರೆಸಿದವರಂತೆ ಇವರು. ಅವನು ಈಗ ಎಲ್ಲಿದ್ದಾನೋ, ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೋ ಇಲ್ಲವೋ!

‘ಇದರಿಂದ ನಮಗೇನು ಉಪಯೋಗ?’ ಎಂದು ಅತ್ತೆಯನ್ನು ಕೇಳಬಾರದು. ನನ್ನ ಚಿಕ್ಕಪ್ಪ ಒಂದು ಸಂಜೆ ಕೇಳಿಯೇಬಿಟ್ಟರು. ಅತ್ತೆ ತಣ್ಣಗೆ ಎದ್ದು ಅವರ ಮೊಬೈಲ್, ಕೈಯ ಎಲ್‌ಇಡಿ ಟಾರ್ಚು ಎರಡನ್ನೂ ತೆಗೆದುಕೊಂಡು ಬೀರುವಿನಲ್ಲಿಟ್ಟರು. “ಇವೆರಡೂ ಕ್ವಾಂಟಮ್ ಲೆಕ್ಕದಿಂದ ಹುಟ್ಟಿದ್ದು. ನಿನಗೆ ಉಪಯೋಗ ಇಲ್ಲ ಅಂದ್ಯಲ್ಲ. ಈಗ ಮನೆಗೆ ಹೋಗು.” ಹೊರಗೆ ಕತ್ತಲಾಗುತ್ತಿತ್ತು, ದಾರಿಯಲ್ಲಿ ಆನೆ ಇದೆ ಎಂಬ ಸುದ್ದಿಯೂ ಇತ್ತು. ಚಿಕ್ಕಪ್ಪ ಹತ್ತೇ ನಿಮಿಷದಲ್ಲಿ ಕ್ವಾಂಟಮ್ ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪಿಕೊಂಡರು.

ಆದರೂ ಅವರ ಮಗನ ನಿಶ್ಚಿತಾರ್ಥಕ್ಕೆ ಅತ್ತೆಯನ್ನು ಕರೆಯದೆ ಇರುವಂತಿಲ್ಲವಲ್ಲ! ವಸ್ತಾರೆಯಲ್ಲಿ ಸಮಾರಂಭ, ಕಳಸದ ಹೆಣ್ಣು. ಅತ್ತೆ ಕೈಚೀಲದಲ್ಲಿ ಎರಡು ಶೀಶೆ ಇಟ್ಟುಕೊಂಡು ಬಂದಿದ್ದರು. ಎರಡರಲ್ಲೂ ಹೂವಿನಂತೆ ಘಮಗುಡುವ ಒಂದೇ ವಸ್ತು. ವ್ಯತ್ಯಾಸ ಇಷ್ಟೇ, ಒಂದರ ಅಣುವಿನಲ್ಲಿ ಮಾಮೂಲಿ ಹೈಡ್ರೋಜನ್ ಇದೆ, ಇನ್ನೊಂದರಲ್ಲಿ ಅದಕ್ಕಿಂತ ತೂಕದ ಹೈಡ್ರೋಜನ್. ಆಕಾರ ಒಂದೇ, ಅಲುಗಾಡುವ ಲಯ ಬೇರೆ. ಯಾರದಾದರೂ ಮೂಗು ಇವೆರಡು ಬೇರೆ ಬೇರೆ ಎಂದು ಹೇಳಿದರೆ ಅತ್ತೆಯ ಪಂಗಡಕ್ಕೆ ಜಯ. ಇಷ್ಟು ಮೂಗುಗಳು ಒಂದೇ ಕಡೆ ಸೇರಿರುವಾಗ ಬಿಡುವುದುಂಟೇ? ಊಟದ ಹಾಲ್‌ನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ನಮ್ಮ ಕಡೆಯವರಿಗೆ ಅವರ ವಿಷಯ ಗೊತ್ತು, ಹಿಂಬಾಗಿಲಿನಿಂದ ಊಟಕ್ಕೆ ಹೋದರು. ಹೆಣ್ಣಿನ ಕಡೆಯವರಿಗೆ ಗೊತ್ತಿಲ್ಲ. ಗಂಡಿನ ಮನೆಯ ಹಿರಿಯ ಹೆಂಗಸೊಬ್ಬರು ಗಂಭೀರವಾಗಿ ಕೂತು, “ಕಣ್ಣು ಮುಚ್ಚಿ, ಇದನ್ನು ಮೂಸಿ. ಈಗ ಇದು. ಒಂದೇನಾ, ಬೇರೇನಾ?” ಎಂದು ಕೇಳುತ್ತಿದ್ದರೆ ಯಾರು ತಾನೆ ಬೇಡವೆಂದಾರು? ಇದು ನಮ್ಮ ಮನೆತನದ ಶಾಸ್ತ್ರ ಎಂದುಕೊಂಡು ಸಾಲಾಗಿ ನಿಂತು, ಭಯಭಕ್ತಿಯಿಂದ ಮೂಸಿದರು. ಕೆಲವರು ಮೂಸಿದ ಮೇಲೆ ಶೀಶೆಯನ್ನು ಕಣ್ಣಿಗೊತ್ತಿಕೊಂಡರು.

ಕೊನೆಗೆ ಹುಡುಗಿಯ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಅಲ್ಲ ಇವ್ರೇ, ನಮ್ಮ ಕಡೆಯವ್ರೆಲ್ಲ ಪಾಸಾದ್ರಲ್ವಾ? ಏನಾದ್ರೂ ದೋಷ ಬಂದ್ರೆ ಈಗ್ಲೇ ಹೇಳ್ಬಿಡಿ.”

ಪಾಸೂ ಇಲ್ಲ, ಫೇಲೂ ಇಲ್ಲ. ಅರ್ಧ ಜನ ಒಂದೇ ಎಂದರು, ಅರ್ಧ ಜನ ಬೇರೆ ಎಂದರು. “ಯಾವ ನಿರ್ಣಯಕ್ಕೂ ಬರೋಕಾಗಲ್ಲ” ಎಂದು ಅತ್ತೆ ಜೀಪಿನಲ್ಲಿ ಬೇಸರ ಮಾಡಿಕೊಂಡರು. ಮದುವೆಯಂತೂ ನಡೆಯಿತು.

ಇಷ್ಟೆಲ್ಲ ಗಲಾಟೆಯ ನಡುವೆ ಅತ್ತೆ ಒಂದು ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ, ಸಂಜೆ ದೀಪ ಹಚ್ಚಿದ ಮೇಲೆ ಅಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಮೂಸಲು ಕೊಡುವುದು. ಈ ಶೀಶೆಗಳಲ್ಲಿ ಕ್ವಾಂಟಮ್ಮಿನ ಗೂಢ ಏನೂ ಇರಲಿಲ್ಲ. ಏಲಕ್ಕಿ, ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಅಷ್ಟೇ. ಸತ್ತ ನರಗಳು ಮತ್ತೆ ಚಿಗುರುವುದುಂಟು, ಅವಕ್ಕೆ ದಿನಾ ಕೆಲಸ ಕೊಡುತ್ತಿರಬೇಕು ಎಂದು ಎಲ್ಲೋ ಓದಿಕೊಂಡಿದ್ದರು. “ಇದು ನನ್ನ ಪ್ರಯೋಗದ ಭಾಗ ಅತ್ತಿಗೆ, ನಿಮಗೋಸ್ಕರ ಅಲ್ಲ” ಎಂದು ದಿನವೂ ಹೇಳುವುದು. “ಆಯ್ತು ಮಾರಾಯ್ತಿ” ಎಂದು ಅಮ್ಮ ಕಣ್ಣು ಮುಚ್ಚುವುದು. ಅತ್ತೆ ಶೀಶೆ ಹಿಡಿಯುವುದು.

“ಬಂತಾ?”

“ಇಲ್ಲ.”

“ಇದು?”

“ಇಲ್ಲ.”

ಮಳೆಗಾಲ ಕಳೆಯಿತು, ಹಣ್ಣು ಕೊಯ್ಲು ಶುರುವಾಯಿತು, ಅಮ್ಮನ ಉತ್ತರ ಬದಲಾಗಲಿಲ್ಲ. ಪ್ರತಿ ಸಲವೂ ಅತ್ತೆ ಏನೂ ಆಗದವರಂತೆ ಮುಚ್ಚಳ ತಿರುಗಿಸುತ್ತಿದ್ದರು. ಆದರೆ ಆಮೇಲೆ ಕಣದ ಕಡೆ ನಡೆದುಹೋಗಿ, ಒಣಗಲು ಹರಡಿದ ಕಾಫಿಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರು. ಸಮೀಕರಣದಲ್ಲಿ ಸಿಗದ ಉತ್ತರ ಅವರ ಜೀವನದಲ್ಲಿ ಹಿಂದೆಯೂ ಬಂದಿರಬೇಕು, ಆದರೆ ಇಷ್ಟು ಹತ್ತಿರ ಕೂತಿರಲಿಲ್ಲ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕರೆದು ಇನ್ನೊಂದು ಶೀಶೆ ತೋರಿಸಿದರು. ಅದರಲ್ಲಿ ಏನೂ ಇರಲಿಲ್ಲ. “ಇದನ್ನೂ ನಡುವೆ ಸೇರಿಸ್ತೀನಿ. ಅತ್ತಿಗೆಗೆ ಹೇಳ್ಬೇಡ. ಜನ ಬರಬೇಕು ಬರಬೇಕು ಅಂತ ಕಾದು, ಇಲ್ಲದ ವಾಸನೆ ಬಂತು ಅಂದ್ಕೊಳ್ಳೋದುಂಟು. ಖಾಲಿ ಶೀಶೆ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ.” ನಾನು ಪಕ್ಕದಲ್ಲಿ ಕೂತು ಒಂದೊಂದೇ ಶೀಶೆ ತೆಗೆದುಕೊಟ್ಟೆ. ಲವಂಗ, ಇಲ್ಲ. ನಿಂಬೆ, ಇಲ್ಲ. ಆಮೇಲೆ ಖಾಲಿ ಶೀಶೆ.

ಅಮ್ಮ ದೀರ್ಘವಾಗಿ ಉಸಿರೆಳೆದುಕೊಂಡಳು. ಹುಬ್ಬು ಮೇಲೆತ್ತಿದಳು.

“ಏಲಕ್ಕಿ” ಎಂದಳು. “ಏಲಕ್ಕಿ ಅಲ್ವಾ? ಬಂತು ಕಣೆ!”

ನಾನು ಅತ್ತೆಯ ಮುಖ ನೋಡಿದೆ. ಮರದ ಕೆಳಗಿನ ಮಳೆಯನ್ನು ಒಪ್ಪದವರು, ಚೂರು ಸರಿಸಿದ ಅಂಕಿಯನ್ನು ಕ್ಷಮಿಸದವರು ಈಗ ಏನನ್ನುತ್ತಾರೋ! ಅತ್ತೆಯ ಬೆರಳು ಖಾಲಿ ಶೀಶೆಯ ಸುತ್ತ ಬಿಗಿಯಾಯಿತು.

“ಹೌದು ಅತ್ತಿಗೆ” ಎಂದರು. “ಏಲಕ್ಕಿನೇ. ಸರಿಯಾಗಿ ಹೇಳಿದ್ರಿ.”

ಅಮ್ಮ ಅಡುಗೆಮನೆಗೆ ಹೋದಾಗ ನಾನು ಹಿಂದೆಯೇ ಹೋಗಿ, “ನಿಜವಾಗ್ಲೂ ಬಂತಾ ಅಮ್ಮಾ?” ಎಂದು ಕೇಳಿದೆ. ಅಮ್ಮ ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದಳು. “ಎಂತದೂ ಬರ್ಲಿಲ್ಲ ಮಾರಾಯ. ದಿನಾ ಇಲ್ಲ ಇಲ್ಲ ಅಂತ ಎಷ್ಟು ಅಂತ ಹೇಳೋದು? ಪಾಪ, ಅದರ ಮುಖ ನೋಡಕ್ಕಾಗಲ್ಲ. ನೀನೆಲ್ಲಾದ್ರೂ ಬಾಯಿ ಬಿಟ್ಟೀಯ!”

ಹೀಗೆ ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ ಕೂತಿತು. ಅಷ್ಟರಲ್ಲಿ ಜಗಲಿಯಿಂದ ಅತ್ತೆಯ ದನಿ ಕೇಳಿಸಿತು.

“ವಾಸನೆ ಬಂತಲ್ಲ ಅತ್ತಿಗೆ, ಇನ್ನೇನು? ನಾಳೆ ಬೀಜ ಹುರಿಯಿರಿ. ಡಬ್ಬ ಇಳಿಸೋಕೆ ಹೇಳಿದ್ದೀನಿ.”

ಅಮ್ಮನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಬರಲಿಲ್ಲ ಎನ್ನುವಂತಿಲ್ಲ, ಹುರಿಯುತ್ತೇನೆ ಎನ್ನುವ ಧೈರ್ಯವೂ ಇಲ್ಲ!

ಮರುದಿನ ಸೌದೆ ಒಲೆ ಹೊತ್ತಿತು. ಅಮ್ಮ ಡಬ್ಬಕ್ಕೆ ಬೀಜ ತುಂಬಿ, ಮಣೆ ಹಾಕಿಕೊಂಡು ಕೂತು, ಹಿಡಿ ತಿರುಗಿಸತೊಡಗಿದಳು. ಇನ್ನೊಂದು ಮಣೆ ಎಳೆದುಕೊಂಡು ಅತ್ತೆ ಒಲೆಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಕೈಯಲ್ಲಿ ಮೊಬೈಲ್ ಹಿಡಿದು, “ನನ್ನ ಸಂಶೋಧನೆಗೆ ಬೇಕು, ರೆಕಾರ್ಡ್ ಮಾಡ್ತಾ ಇದ್ದೀನಿ. ನೀವು ನಿಮ್ಮ ಪಾಡಿಗೆ ಹುರಿಯಿರಿ ಅತ್ತಿಗೆ” ಎಂದು, ತಮಗೆ ತಾವೇ ಎಂಬಂತೆ ಗಟ್ಟಿಯಾಗಿ ಹೇಳತೊಡಗಿದರು.

“ಹಸಿ ಹುಲ್ಲಿನ ವಾಸನೆ. ಇನ್ನೂ ಹಸಿ ಹುಲ್ಲೇ... ಈಗ ಒಣಹುಲ್ಲು... ರೊಟ್ಟಿ ಬೇಯ್ತಾ ಇರೋ ಹಾಗೆ... ರೊಟ್ಟಿ ಅಂಚು ಕೆಂಪಾದ ಹಾಗೆ...”

ಜೀವಮಾನವಿಡೀ ಆ ಅಣುಗಳನ್ನು ಮೊಳದುದ್ದದ ಹೆಸರುಗಳಿಂದ ಕರೆದವರು ಈಗ ಹುಲ್ಲು, ರೊಟ್ಟಿ ಎನ್ನುತ್ತಿದ್ದರು. ಅಮ್ಮ ಮೊಬೈಲಿನ ಕಡೆಯಾಗಲೀ ಅತ್ತೆಯ ಕಡೆಯಾಗಲೀ ನೋಡಲಿಲ್ಲ. ಅವಳ ಕಿವಿ ಮಾತ್ರ ಅಲ್ಲಿತ್ತು. ರೊಟ್ಟಿ ಎಂದಾಗ ಒಂದು ಕೊಳ್ಳಿ ಹಿಂದಕ್ಕೆಳೆದಳು. ಬೀಜ ಚಟಪಟ ಸಿಡಿಯತೊಡಗಿದಾಗ ತಿರುಗಿಸುವ ವೇಗ ಹೆಚ್ಚಿಸಿದಳು. ಸಿಡಿತ ಕಡಿಮೆಯಾಯಿತು. ಹೊಗೆ ಎದ್ದಿತು. ಇನ್ನಿರುವುದು ಆ ಒಂದು ಉಸಿರಿನ ಲೆಕ್ಕ. ಅತ್ತೆ ಯಾಕೋ ಮಾತು ನಿಲ್ಲಿಸಿ, ಕಣ್ಣು ಮುಚ್ಚಿ ಮೂಸುತ್ತಿದ್ದರು.

ಅಮ್ಮನಿಗೆ ತಡೆಯಲಾಗಲಿಲ್ಲ.

“ಈಗ?” ಎಂದುಬಿಟ್ಟಳು.

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವುದು ಹೇಗೆ? ಅತ್ತೆ ಕಣ್ಣು ತೆರೆಯಲಿಲ್ಲ. ಮೊಬೈಲನ್ನು ಪಕ್ಕಕ್ಕಿಟ್ಟು, ಆ ಕೈಯನ್ನು ಅಮ್ಮನ ಮೊಣಕಾಲಿನ ಮೇಲಿಟ್ಟರು.

“ಇನ್ನೂ ಇಲ್ಲ ಅತ್ತಿಗೆ... ಸ್ವಲ್ಪ ತಾಳಿ... ಹ್ಞಾ, ಈಗ. ಇಳಿಸಿ.”

ಅಮ್ಮ ಇಳಿಸಿದಳು. ಮೊರಕ್ಕೆ ಸುರಿದ ಬೀಜ ಒಂದೇ ಹದಕ್ಕೆ, ಒಂದೇ ಬಣ್ಣಕ್ಕೆ ಬಂದಿತ್ತು. ಮನೆ ತುಂಬ ಪರಿಮಳ ಹಬ್ಬಿತು. ಅದು ನನಗೆ ಬಂತು, ಅತ್ತೆಗೆ ಬಂತು, ಅಮ್ಮನಿಗೆ ಬರಲಿಲ್ಲ. ಅದು ಗೊತ್ತಿದ್ದೂ ನನಗೆ ಅಷ್ಟು ಸಂತೋಷವಾದದ್ದು ಆ ವರ್ಷದಲ್ಲಿ ಬೇರೆ ಯಾವತ್ತೂ ಇಲ್ಲ. ಇಬ್ಬರೂ ಮೊರದ ಆಚೆ ಈಚೆ ಕೂತು ಬೀಸಣಿಗೆಯಿಂದ ಬೀಜ ಆರಿಸುತ್ತಿದ್ದರು. ಏಲಕ್ಕಿಯ ಮಾತು ಯಾರೂ ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ಅಮ್ಮ, ಬೀಜದ ಮೇಲಿನ ಕಣ್ಣು ಕೀಳದೆ ಹೇಳಿದಳು:

“ವಸ್ತಾರೆಯವರಿಗೆ ಫೋನ್ ಮಾಡ್ತೀನಿ, ಬೀಜ ತರ್ಲಿ. ನೀನು ಇರ್ತೀಯಲ್ಲ?”

“ಇರ್ತೀನಿ ಅತ್ತಿಗೆ” ಎಂದರು ಅತ್ತೆ.